ಅಕ್ಕಿ ಇತ್ತು, ಹುಳಿ ಮುಗಿಯಿತು

ಪ್ರಕರಣ ಒಂದೇ ಮನೆಯದು, ನಮ್ಮದೇ. ಜಾಗ ಚಿಕ್ಕಮಗಳೂರು ಜಿಲ್ಲೆಯ ಕಳಸದ ಹತ್ತಿರ, ಭದ್ರಾ ಹೊಳೆಯ ಆಚೆ ದಂಡೆ. ಕಾಲ 2019ರ ಆಗಸ್ಟ್ 5ರಿಂದ 13ರವರೆಗೆ. ಒಂಬತ್ತು ದಿನ ಕರೆಂಟಿಲ್ಲ, ರಸ್ತೆಯಿಲ್ಲ, ಅಂಗಡಿಯಿಲ್ಲ. ಮೊದಲ ಕೆಲವು ದಿನ ಮನೆಯಲ್ಲಿ ಐದು ಜನ, ಆಮೇಲೆ ಹನ್ನೊಂದು. ಯಾರೂ ಉಪವಾಸ ಬೀಳಲಿಲ್ಲ. ಎಲ್ಲ ಮುಗಿದ ಮೇಲೂ ಅರ್ಧ ಮೂಟೆ ಅಕ್ಕಿ ಉಳಿದಿತ್ತು. ಆದರೂ ಏಳನೇ ದಿನ ಮಕ್ಕಳು ತಟ್ಟೆ ದೂಡಿದವು, ಹಿರಿಯರು ನಾಲ್ಕು ತುತ್ತಿಗೇ ಕೈ ತೊಳೆದರು.

ಯಾಕೆ ಹೀಗಾಯಿತು ಅಂತ ಬರೆದಿಡಬೇಕು ಅನ್ನಿಸಿದೆ. ತುರ್ತಿಗೆ ಏನೇನು ಕೂಡಿಡಬೇಕು ಎನ್ನುವ ಪಟ್ಟಿಗಳಲ್ಲಿ ಅಕ್ಕಿ, ಬೇಳೆ, ನೀರು, ಟಾರ್ಚು, ಬೆಂಕಿಪೊಟ್ಟಣ ಎಲ್ಲ ಇರುತ್ತದೆ. ಉಪ್ಪು, ಹುಳಿ, ಖಾರದ ಸಾಲಿಗೆ ಬಂದರೆ ಬರೀ ‘ಇತ್ಯಾದಿ’. ಇದು ಆ ಇತ್ಯಾದಿಯ ಕತೆ.

ಮನೆಯಲ್ಲಿ ಏನಿತ್ತು

ಹಿಂದಿನ ವರ್ಷ, 2018ರ ಆಗಸ್ಟ್‌ನಲ್ಲಿ, ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದ್ದನ್ನು ಟಿವಿಯಲ್ಲಿ ನೋಡಿದ್ದೆವು. ನಮ್ಮ ಮನೆ ಹಿಂದೆಯೂ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ. ಮುಂದೆ ತೋಟ, ತೋಟದ ಕೆಳಗೆ ಹೊಳೆ. ಹೊಳೆ ದಾಟಲು ನಮಗಿದ್ದ ಹೆಬ್ಬಾಳೆ ಸೇತುವೆ ಮಳೆಗಾಲದಲ್ಲಿ ಮುಳುಗುವುದು ಆಗ ನಮಗೆ ಸುದ್ದಿಯೇ ಅಲ್ಲ. ಇವತ್ತು ಮುಳುಗಿದರೆ ನಾಳೆ ಏಳುತ್ತಿತ್ತು. ಕೊಡಗನ್ನು ನೋಡಿದ ಮೇಲೆ ಮಾತ್ರ ಹೆದರಿಕೆ ಹತ್ತಿತು.

ಹಾಗಾಗಿ 2019ರ ಜೂನ್‌ನಲ್ಲಿ ನಾನು ನೋಟ್‌ಬುಕ್ ಹಿಡಿದು ಕೂತೆ. ಅಕ್ಕಿ ಐವತ್ತು ಕೆಜಿ, ತೊಗರಿಬೇಳೆ ಎಂಟು, ಹೆಸರುಕಾಳು ನಾಲ್ಕು, ಎಣ್ಣೆ ಹತ್ತು ಲೀಟರ್, ಗ್ಯಾಸ್ ಸಿಲಿಂಡರ್ ಎರಡು, ಒಣ ಸೌದೆ. ಲೆಕ್ಕ ಅಚ್ಚುಕಟ್ಟಾಗಿತ್ತು. ಐದು ಜನಕ್ಕೆ ಒಂದು ತಿಂಗಳು. ನನಗೆ ನನ್ನ ಮೇಲೆಯೇ ಸ್ವಲ್ಪ ಹೆಮ್ಮೆಯೂ ಆಗಿತ್ತು.

ಉಪ್ಪಿನಕಾಯಿ, ಪುಡಿ, ಹುಳಿ ಇವೆಲ್ಲ ಅಮ್ಮನ ಇಲಾಖೆ. ಅಟ್ಟದ ಮೇಲೆ ಆರು ಕೆಜಿ ಹಿಡಿಯುವ ಒಂದು ಭರಣಿ ತುಂಬ ಮಿಡಿ ಉಪ್ಪಿನಕಾಯಿ. ಫ್ರಿಜ್ಜಿನಲ್ಲಿ ಒಂದು ಡಬ್ಬ ನಿಂಬೆ ಉಪ್ಪಿನಕಾಯಿ. ಕೊಬ್ಬರಿ ಚಟ್ನಿಪುಡಿ ಒಂದು ಡಬ್ಬ. ಹುಬ್ಬಳ್ಳಿಯ ಗೆಳೆಯ ಕೊಟ್ಟ ಶೇಂಗಾ ಚಟ್ನಿಪುಡಿ ಎರಡು ಪೊಟ್ಟಣ. ಬಾಳಕದ ಮೆಣಸು, ಹಲಸಿನ ಹಪ್ಪಳ. ನನ್ನ ಮಗಳ ಸಲುವಾಗಿ ಟೊಮೆಟೊ ಸಾಸ್ ಒಂದು ಬಾಟಲಿ, ಮೇಯನೇಸ್ ಒಂದು ಬಾಟಲಿ. ಹೆಂಡತಿ ವಾರಕ್ಕಾಗುವಷ್ಟು ರುಬ್ಬಿಡುವ ಶುಂಠಿ-ಬೆಳ್ಳುಳ್ಳಿ ಪೇಸ್ಟು.

ಹುಣಸೆಹಣ್ಣು ಮಾತ್ರ ಆರುನೂರು ಗ್ರಾಂ ಚಿಲ್ಲರೆ. ಇದಕ್ಕೆ ಕಾರಣ ನಾನೇ. ನಮ್ಮ ಕಡೆ ಹುಣಸೆ ಬೆಳೆಯುವುದಿಲ್ಲ, ಅಷ್ಟು ಮಳೆ ಅದಕ್ಕೆ ಆಗದು. ಬಯಲುಸೀಮೆಯಿಂದ ಬರಬೇಕು. ಪ್ರತಿ ಮಾರ್ಚ್‌ನಲ್ಲಿ ಹೊಸ ಹಣ್ಣು ಬಂದಾಗ ಅಮ್ಮ ಐದು ಕೆಜಿ ಕೊಂಡು, ಬೀಜ, ನಾರು ಬಿಡಿಸಿ, ಉಪ್ಪು ಬೆರೆಸಿ, ಉಂಡೆ ಕಟ್ಟಿ ಜಾಡಿಗೆ ತುಂಬುತ್ತಿದ್ದಳು. ಆ ವರ್ಷ ಅವಳಿಗೆ ಮಂಡಿನೋವು. ಕೂತು ಬೀಜ ಬಿಡಿಸಲು ಆಗುತ್ತಿರಲಿಲ್ಲ. ‘ತಿಂಗಳಿಗೊಮ್ಮೆ ಪೇಟೆಯಿಂದ ತರ್ತೀನಿ, ಸುಮ್ನೆ ಯಾಕೆ ಕಷ್ಟ’ ಅಂದವನು ನಾನು. ಅಂದಿದ್ದು ಪ್ರೀತಿಯಿಂದಲೇ.

ಒಂಬತ್ತು ದಿನ

ಆಗಸ್ಟ್ 5, ಸೋಮವಾರ, ನಾಗರಪಂಚಮಿ. ಸಂಜೆ ಕರೆಂಟು ಹೋಯಿತು. ಮಳೆಗಾಲದಲ್ಲಿ ಕರೆಂಟು ಹೋಗುವುದು ಮಾಮೂಲಿ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮರುದಿನ ಹಾಲಿನ ವ್ಯಾನು ಬರಲಿಲ್ಲ. ಸೇತುವೆ ನೀರಿನಡಿ ಇತ್ತು. ನಮ್ಮ ಹಸು ಗಬ್ಬವಾಗಿ ಹಾಲು ಬತ್ತಿಸಿತ್ತು. ಬುಧವಾರ ಒಳದಾರಿಯ ಮೇಲೂ ಮಣ್ಣು ಬಿತ್ತು.

ಗುರುವಾರ ರಾತ್ರಿ ಕೆಳಗಿನ ಮನೆಯವರು ಬಂದರು. ಅವರ ಹಿತ್ತಿಲ ಧರೆ ಜರಿದು ಮಣ್ಣು ಬಚ್ಚಲುಮನೆಗೆ ಬಂದಿತ್ತು. ಅಜ್ಜಿ, ಅಜ್ಜ, ಮಗ, ಸೊಸೆ, ಎರಡು ಮಕ್ಕಳು. ಕೈಗೆ ಸಿಕ್ಕಿದ್ದು ಹಿಡಿದು ಬಂದವರು. ಸೊಸೆಯ ಕೈಯಲ್ಲಿ ರೇಷನ್ ಕಾರ್ಡು, ಆಧಾರ್, ಪಾಸ್‌ಬುಕ್ಕುಗಳ ಪ್ಲಾಸ್ಟಿಕ್ ಚೀಲ. ಅಜ್ಜಿಯ ಮಡಿಲಲ್ಲಿ ಅವರ ಬಿಪಿ ಮಾತ್ರೆ ಮತ್ತು ಒಂದು ಹಳೇ ಹಾರ್ಲಿಕ್ಸ್ ಬಾಟಲಿ. ಬಾಟಲಿಯಲ್ಲಿ ಏನೋ ಕಂದು ಪುಡಿ. ಮಗ ನಾಚಿಕೊಂಡು ಹೇಳಿದ, ‘ನೋಡಿ ಅಣ್ಣ, ಚಿನ್ನ ಬಿಟ್ಟು ಇದನ್ನ ತಗೊಂಡು ಬಂದಿದೆ ನಮ್ಮ ಅಮ್ಮ.’ ಆ ಹೊತ್ತಲ್ಲೂ ಎಲ್ಲರೂ ನಕ್ಕೆವು.

ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಮಳೆ ಸುರಿಯುತ್ತಲೇ ಇತ್ತು. ಅಮ್ಮ ಹಬ್ಬ ಬಿಡುವವಳಲ್ಲ, ಅದರಲ್ಲೂ ಮನೆಯಲ್ಲಿ ಆಸರೆಗೆ ಬಂದವರಿದ್ದಾರೆ. ಚಿತ್ರಾನ್ನ ಮಾಡೋಣ ಅಂದರೆ ನಿಂಬೆಹಣ್ಣು ಒಂದೂ ಇಲ್ಲ. ಸರಿ, ಪುಳಿಯೋಗರೆ ಅಂತಾಯಿತು. ಹನ್ನೊಂದು ಜನಕ್ಕೆ ಗೊಜ್ಜು ಕುದಿಸಲು ಎರಡು ಮುಷ್ಟಿ ಹುಣಸೆ ನೆನೆ ಹಾಕಿದಳು. ಊಟ ಚೆನ್ನಾಗಿತ್ತು. ಕೆಳಮನೆ ಅಜ್ಜ ಎರಡು ಸಲ ಹಾಕಿಸಿಕೊಂಡರು.

ಆಮೇಲೆ ಲೆಕ್ಕ ಹಾಕಿದಾಗ ತಿಳಿದದ್ದು ಇಷ್ಟು. ಐದು ಜನ ಇದ್ದಾಗ ಸಾರು, ಹುಳಿ ಎಂದು ದಿನಕ್ಕೆ ಸುಮಾರು ಅರವತ್ತು ಗ್ರಾಂ ಹುಣಸೆ ಹೋಗಿದೆ. ಮೂರು ದಿನಕ್ಕೆ ನೂರೆಂಬತ್ತು. ಹಬ್ಬದ ದಿನ ಒಂದೇ ದಿನಕ್ಕೆ ಇನ್ನೂರನಲವತ್ತು. ಶನಿವಾರ ನೂರಿಪ್ಪತ್ತು. ಭಾನುವಾರ ಬೆಳಿಗ್ಗೆ ಡಬ್ಬದ ತಳದಲ್ಲಿ ನಾರು, ಬೀಜ, ಸಿಪ್ಪೆಚೂರು ಸೇರಿ ಒಂದು ಹಿಡಿ. ಅದನ್ನೂ ಹಿಂಡಿ ಒಂದು ಹೊತ್ತಿನ ಸಾರು ಆಯಿತು. ಅಲ್ಲಿಗೆ ಹುಳಿ ಮುಗಿಯಿತು.

ನಮ್ಮ ಅಡುಗೆಗೆ ಹುಳಿ ಎಲ್ಲಿಂದ ಬರುತ್ತದೆ ಅಂತ ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಮಜ್ಜಿಗೆ, ಟೊಮೆಟೊ, ನಿಂಬೆ, ಹುಣಸೆ. ನಾಲ್ಕೂ ನಮ್ಮ ಮನೆಗೆ ಸೇತುವೆ ದಾಟಿ ಬರುವ ವಸ್ತುಗಳು! ಖಾರಕ್ಕೆ ತೊಂದರೆ ಇರಲಿಲ್ಲ. ಸ್ವಂತ ಕಾಳುಮೆಣಸು ಇದೆ, ಹಿತ್ತಿಲಲ್ಲಿ ಸೂಜಿಮೆಣಸಿನ ಗಿಡ ಇದೆ. ತೆಂಗಿನಕಾಯಿ ಇದೆ. ಮಿಕ್ಸಿ ಇಲ್ಲದಿದ್ದರೆ ಒರಳಿದೆ. ಹುಳಿ ಮಾತ್ರ ಪೂರ್ತಿ ರಸ್ತೆಯ ಮೇಲೆ ನಿಂತಿತ್ತು. ರಸ್ತೆ ಹೋದ ದಿನವೇ ನಾಲ್ಕರಲ್ಲಿ ಮೂರು ಹೋದವು. ಉಳಿದ ಒಂದರ ಮೇಲೆ ನಾಲ್ಕರ ಹೊರೆಯೂ ಬಿತ್ತು. ತಿಂಗಳಿಗೆ ಎಷ್ಟು ಹುಣಸೆ ಬೇಕು ಅಂತ ಮಾಮೂಲಿ ದಿನಗಳ ಲೆಕ್ಕ ಹಿಡಿದರೆ ಇಲ್ಲಿಯೇ ಎಡವುತ್ತೇವೆ. ಮಾಮೂಲಿ ದಿನ ವಾರಕ್ಕೆ ಮೂರು ದಿನ ಮಜ್ಜಿಗೆಹುಳಿ, ಟೊಮೆಟೊ ಸಾರು ಇರುತ್ತಲ್ವಾ?

ಮಲೆನಾಡಿನವರು ಯಾರಾದರೂ ಇದನ್ನು ಓದಿದರೆ ‘ಅಂಬಟೆಕಾಯಿ ಇರಲಿಲ್ವಾ?’ ಅಂತ ಕೇಳುತ್ತಾರೆ. ಇತ್ತು. ಮರ ಜರಿದ ಧರೆಯ ಕೆಳಗಿತ್ತು. ಅಲ್ಲಿಗೆ ಯಾರನ್ನೂ ಬಿಡುವ ಹಾಗಿರಲಿಲ್ಲ. ಅಂಗಳದ ಅಂಚಿನ ಹುಳಿಸೊಪ್ಪು ಕಿತ್ತು ಅಮ್ಮ ಒಂದು ಹೊತ್ತು ಚಟ್ನಿ ಅರೆದಳು. ಅದು ಹನ್ನೊಂದು ಜನಕ್ಕೆ ನಾಲಿಗೆಗೆ ಸವರಿಕೊಳ್ಳುವಷ್ಟು ಮಾತ್ರ.

ಹುಳಿಯಿಲ್ಲದ ಬೇಳೆಸಾರು ಹೇಗಿರುತ್ತದೆ ಅಂತ ಮಾಡಿ ನೋಡಿ. ಒಂದು ದಿನ ಪಥ್ಯ ಅನ್ನಬಹುದು. ಎರಡನೇ ದಿನ ಬೇಳೆಕಟ್ಟಿನ ವಾಸನೆ ಮೂಗಿಗೆ ಹತ್ತುತ್ತದೆ. ಭಾನುವಾರ ರಾತ್ರಿಯ ಹೊತ್ತಿಗೆ ನನ್ನ ಮಗಳು ‘ಬರೀ ಅನ್ನ ಕೊಡಿ, ಸಾರು ಬೇಡ’ ಅಂದಳು. ಕೆಳಮನೆಯ ಚಿಕ್ಕವ ಅದೂ ಬೇಡ ಅಂದ. ಹಸಿವಿಲ್ಲದೆ ಅಲ್ಲ, ಬಾಯಿ ಒಪ್ಪದೆ. ಸೈನ್ಯದವರಿಗೆ ಈ ವಿಷಯ ಚೆನ್ನಾಗಿ ಗೊತ್ತು. ಅಮೆರಿಕದ ಸೈನಿಕರ ಸಿದ್ಧ ಊಟದ ಪೊಟ್ಟಣಗಳಲ್ಲಿ ಟಬಾಸ್ಕೋ ಎಂಬ ಖಾರದ ಸಾಸಿನ ಕಿರುಬೆರಳಿನಷ್ಟು ಬಾಟಲಿ ಇಡುತ್ತಿದ್ದರು. ನಮ್ಮ ಮೈಸೂರಿನಲ್ಲೇ 1961ರಲ್ಲಿ ರಕ್ಷಣಾ ಆಹಾರ ಸಂಶೋಧನಾಲಯ ಶುರುವಾಯಿತು. ಕೆಡದ ಊಟ ಮಾಡಿದರಷ್ಟೇ ಅಲ್ಲಿಯವರಿಗೆ ಸಾಲದು, ಹಿಮದಲ್ಲಿ ಕೂತವನ ಬಾಯಿಗೆ ಅದು ಹಿಡಿಸಲೂ ಬೇಕು.

ಭರಣಿಯ ಬಾಯಿ

‘ಉಪ್ಪಿನಕಾಯಿ ಇತ್ತಲ್ಲ, ಆರು ಕೆಜಿ?’ ಇತ್ತು. ಅದರ ಗತಿ ಏನಾಯಿತು ಎನ್ನುವುದು ಈ ಪ್ರಕರಣದ ಎರಡನೇ ಭಾಗ, ನನ್ನ ಮಟ್ಟಿಗೆ ಹೆಚ್ಚು ಕಲಿಸಿದ ಭಾಗ.

ಮೊದಲು ಹೋದದ್ದು ಫ್ರಿಜ್ಜಿನ ನಿಂಬೆ ಉಪ್ಪಿನಕಾಯಿ. ಅಪ್ಪಯ್ಯನಿಗೆ ಬಿಪಿ ಅಂತ ಅಮ್ಮ ಅದಕ್ಕೆ ಅರ್ಧ ಉಪ್ಪು ಹಾಕಿದ್ದಳು. ಕರೆಂಟು ಹೋಗಿ ಐದನೇ ದಿನ ಮುಚ್ಚಳ ತೆಗೆದರೆ ಬುಸ್ ಅಂತು, ಮೇಲೆ ನೊರೆ. ಅವತ್ತು ನನಗೆ ಹೊಳೆಯಿತು. ಉಪ್ಪು ಕಡಿಮೆ ಮಾಡಿದ ಉಪ್ಪಿನಕಾಯಿಗೆ ಉಪ್ಪಿನಕಾಯಿ ಅಂತ ಹೆಸರಿದ್ದರೂ ಅದು ಪಲ್ಯದ ಜಾತಿ. ಫ್ರಿಜ್ಜಿನ ಹಂಗಿನಲ್ಲಿ ಬದುಕುವಂಥದ್ದು. ಅಂಗಡಿಯ ‘ಉಪ್ಪು ಕಡಿಮೆ’ ಬಾಟಲಿಗಳನ್ನೂ ನಾನು ಈಗ ಹಾಗೇ ನೋಡುತ್ತೇನೆ. ಮುಚ್ಚಳ ತೆಗೆಯುವವರೆಗೆ ಸರಿ, ತೆಗೆದ ಮೇಲೆ ಬೇಗ ಮುಗಿಸಬೇಕು.

ಅಟ್ಟದ ಭರಣಿಯದು ಬೇರೆಯೇ ಕತೆ. ಅದಕ್ಕೆ ಅಮ್ಮ ಉಪ್ಪಿನಲ್ಲಿ ಜಿಪುಣತನ ಮಾಡಿರಲಿಲ್ಲ. ಮಿಡಿಯನ್ನು ಹರಳುಪ್ಪಿನಲ್ಲಿ ಹಾಕಿ, ಅದು ಮುದುಡಿ ಬಿಟ್ಟ ನೀರನ್ನೇ ಕುದಿಸಿ ಆರಿಸಿ, ಅದರಲ್ಲೇ ಸಾಸಿವೆ, ಬ್ಯಾಡಗಿ ಮೆಣಸು, ಅರಿಸಿನ ಅರೆದು ಕೂಡಿಸಿದ್ದು. ಭರಣಿಯನ್ನು ಬಿಸಿಲಿಗೆ ಒಣಗಿಸಿ, ಕೆಂಡದ ಮೇಲೆ ಇಂಗು ಹಾಕಿ ಆ ಹೊಗೆಗೆ ಬಾಯಿ ಕವುಚಿಟ್ಟು, ಆಮೇಲೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿದ್ದು. ಅಂಥ ಭರಣಿ ಎರಡು ಮಳೆಗಾಲ ಕಳೆಯುತ್ತದೆ.

ಯಾಕೆ ಕೆಡುವುದಿಲ್ಲ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಏನು ಕೂಡಿಡಬಹುದು, ಏನು ಬಾರದು ಎನ್ನುವುದೆಲ್ಲ ಇದರ ಮೇಲೆಯೇ ನಿಂತಿದೆ. ಬ್ಯಾಕ್ಟೀರಿಯಾ, ಬೂಸು ಎಲ್ಲಕ್ಕೂ ನೀರು ಬೇಕು. ಉಪ್ಪು ಜಾಸ್ತಿ ಇದ್ದರೆ ನೀರು ಇದ್ದೂ ಅವಕ್ಕೆ ದಕ್ಕುವುದಿಲ್ಲ, ಉಪ್ಪು ಹಿಡಿದಿಟ್ಟುಕೊಳ್ಳುತ್ತದೆ. ನೂರು ಮಿಲಿ ನೀರಿಗೆ ಸುಮಾರು ಮೂವತ್ತಾರು ಗ್ರಾಂ ಉಪ್ಪು ಕರಗುತ್ತದೆ, ಅದಕ್ಕಿಂತ ಹೆಚ್ಚು ಹಾಕಿದರೆ ತಳಕ್ಕೆ ಕೂರುತ್ತದೆ. ತಳದಲ್ಲಿ ಹರಳು ಕಂಡ ಉಪ್ಪುನೀರಿನಲ್ಲಿ ಯಾವುದೂ ಸುಲಭಕ್ಕೆ ಬೆಳೆಯದು. ಎರಡನೇ ಕಾವಲು ಹುಳಿ. ಹುಳಿಯನ್ನು ಅಳೆಯುವ ಅಂಕಿ ಪಿಎಚ್, ಹುಳಿ ಹೆಚ್ಚಿದಷ್ಟೂ ಅದು ಕಡಿಮೆ. ಅದು 4.6ಕ್ಕಿಂತ ಕೆಳಗಿದ್ದರೆ ಬೊಟುಲಿಸಂ ಎಂಬ ಜೀವಕ್ಕೇ ಅಪಾಯದ ಆಹಾರವಿಷ ತರುವ ಬ್ಯಾಕ್ಟೀರಿಯಾ ಚಿಗುರುವುದಿಲ್ಲ. ಮಾವು, ನಿಂಬೆ, ಹುಣಸೆ ಎಲ್ಲ ಅದಕ್ಕಿಂತ ತುಂಬ ಕೆಳಗೇ ಇವೆ. ಮೂರನೇದು ಒಣಗಿಸುವುದು. ಚಟ್ನಿಪುಡಿ, ಹಪ್ಪಳ, ಬಾಳಕ ಈ ಸಾಲಿಗೆ ಸೇರಿದವು.

ಬೂಸು ಮಾತ್ರ ಹುಳಿಗೆ ಅಷ್ಟಾಗಿ ಹೆದರುವುದಿಲ್ಲ. ಅದಕ್ಕೆ ಗಾಳಿ ಮತ್ತು ಸ್ವಲ್ಪ ಸಪ್ಪೆ ನೀರು ಸಿಕ್ಕರೆ ಸಾಕು.

ಅದು ನಮ್ಮ ಮನೆಯಲ್ಲಿ ಗುರುವಾರ ರಾತ್ರಿಯೇ ಸಿಕ್ಕಿತ್ತು. ಆರು ಜನ ಒದ್ದೆಯಾಗಿ ಬಂದಿದ್ದಾರೆ, ಗಂಜಿ ಬಡಿಸಿ ಆಗಿದೆ, ಕತ್ತಲು. ನಾನು ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಅಟ್ಟ ಹತ್ತಿ, ಭರಣಿಯ ಬಟ್ಟೆ ಬಿಚ್ಚಿ, ಕೈಗೆ ಸಿಕ್ಕ ಸೌಟು ಅದ್ದಿ ಉಪ್ಪಿನಕಾಯಿ ತೆಗೆದೆ. ಸೌಟು ಅದೇ ಆಗ ತೊಳೆದಿಟ್ಟದ್ದು. ಹಿಡಿಯಿಂದ ನೀರು ತೊಟ್ಟಿಕ್ಕುತ್ತಿದ್ದದ್ದು ನನ್ನ ಮೊಣಕೈಗೂ ಗೊತ್ತಾಯಿತು. ಗೊತ್ತಾದರೂ ಮಾಡಿದೆ. ಬಟ್ಟೆಯನ್ನೂ ಸರಿಯಾಗಿ ಕಟ್ಟಲಿಲ್ಲ. ಮುಂದಿನ ಮೂರು ದಿನ ಅದೇ ಭರಣಿಗೆ ಮೂರು ಹೊತ್ತೂ ಒಬ್ಬೊಬ್ಬರು ಕೈ ಹಾಕಿದರು. ಭಾನುವಾರ ಸಂಜೆ ಅಮ್ಮ ನೋಡಿದಾಗ ಮೇಲಿನ ರಸದ ಮೇಲೆ ಹಾಲಿನ ಕೆನೆಯಂಥ ಬಿಳಿ ಪೊರೆ, ಅಂಚಿನಲ್ಲಿ ಅಲ್ಲಲ್ಲಿ ಹಸಿರು ಚುಕ್ಕೆ.

ಆಮೇಲೆ ನಡೆದದ್ದು ವಾದ. ಅಮ್ಮ ಹೇಳಿದ್ದು, ಮೇಲಿನ ನಾಲ್ಕು ಬೆರಳು ತೆಗೆದು ಚೆಲ್ಲಿ, ಕೆಳಗಿನದ್ದಕ್ಕೆ ಉಪ್ಪು ಹಾಕಿ ಕೂಡಿಸೋಣ, ನಮ್ಮ ಅತ್ತೆ ಹಾಗೇ ಮಾಡುತ್ತಿದ್ದರು. ನಾನು ಬೇಡ ಅಂದೆ. ಬಿಳಿ ಪೊರೆ ಒಂದೇ ಆಗಿದ್ದರೆ ಮಾತು ಬೇರೆ. ಹಸಿರು ಬಂದ ಮೇಲೆ ಬೂಸಿನ ಬೇರು ಎಲ್ಲಿಯವರೆಗೆ ಇಳಿದಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಮೇಲಾಗಿ ಬೂಸು ಹುಳಿಯನ್ನು ತಿಂದು ಕಡಿಮೆ ಮಾಡುತ್ತದೆ, ಆಗ ಎರಡನೇ ಕಾವಲೂ ಸಡಿಲವಾಗುತ್ತದೆ. ಮಾಮೂಲಿ ದಿನವಾದರೆ ಹೊಟ್ಟೆ ಕೆಟ್ಟರೆ ಆಸ್ಪತ್ರೆಗೆ ಹೋಗಬಹುದು. ಆಸ್ಪತ್ರೆ ಮುಳುಗಿದ ಸೇತುವೆಯ ಆಚೆ ಇರುವಾಗ, ಮನೆಯಲ್ಲಿ ಮೂರು ಮಕ್ಕಳು, ನಾಲ್ಕು ಮುದುಕರು ಇರುವಾಗ ಜೂಜು ಬೇಡ ಅನ್ನಿಸಿತು. ಅಪ್ಪಯ್ಯ ಇಬ್ಬರ ಮಾತೂ ಕೇಳಿ, ‘ಮಾರಾಯ, ಸೌಟು ಒರೆಸಿದ್ರೆ ಈ ಪಂಚಾಯ್ತಿಯೇ ಇರ್ತಿರಲಿಲ್ಲ’ ಅಂದರು. ನಾಲ್ಕು ಕೆಜಿ ಉಪ್ಪಿನಕಾಯಿ ಗುಂಡಿಗೆ ಹೋಯಿತು. ಅಮ್ಮ ಅವತ್ತು ಊಟ ಮಾಡಲಿಲ್ಲ.

ಉಳಿದ ಸಾಮಾನುಗಳ ಕತೆ ಬೇಗ ಹೇಳಿ ಮುಗಿಸುತ್ತೇನೆ. ಶುಂಠಿ-ಬೆಳ್ಳುಳ್ಳಿ ಪೇಸ್ಟು ಎರಡನೇ ದಿನಕ್ಕೇ ಬಣ್ಣ ತಿರುಗಿತು, ಚೆಲ್ಲಿದೆವು. ಇಲ್ಲೊಂದು ಎಚ್ಚರಿಕೆ. ಕೆಡಬಾರದು ಅಂತ ಹಸಿ ಬೆಳ್ಳುಳ್ಳಿಯನ್ನು ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಡುವವರಿದ್ದಾರೆ. ಅದು ಅಪಾಯ. ಎಣ್ಣೆ ಗಾಳಿಯನ್ನು ತಡೆಯುತ್ತದೆ, ಬೆಳ್ಳುಳ್ಳಿಗೆ ಸ್ವಂತ ಹುಳಿ ಇಲ್ಲ, ಬೊಟುಲಿಸಂಗೆ ಬೇಕಾದದ್ದೂ ಅದೇ. ಕೆಟ್ಟರೂ ವಾಸನೆ ಬಾರದೇ ಇರಬಹುದು. ಬೆಳ್ಳುಳ್ಳಿ ಗಡ್ಡೆಯಾಗಿಯೇ ಇರಲಿ, ಅದಕ್ಕಿಂತ ಒಳ್ಳೆಯ ಡಬ್ಬಿ ಇಲ್ಲ. ಬಾಯಿ ತೆರೆದಿದ್ದ ಮೇಯನೇಸನ್ನು ಮರುದಿನವೇ ಎಸೆದೆವು. ಟೊಮೆಟೊ ಸಾಸ್ ಮಾತ್ರ ಫ್ರಿಜ್ ಇಲ್ಲದೆಯೂ ಒಂಬತ್ತು ದಿನ ಸರಿಯಾಗಿಯೇ ಇತ್ತು. ಅದರಲ್ಲಿ ವಿನೆಗರ್, ಸಕ್ಕರೆ, ಉಪ್ಪು ಮೂರೂ ಇವೆ. ಅದನ್ನು ನೋಡಿ ಮೂಗು ಮುರಿಯುತ್ತಿದ್ದ ಅಮ್ಮನೇ ಸೋಮವಾರ ಮಕ್ಕಳ ಅನ್ನಕ್ಕೆ ಅದನ್ನು ಕಲಸಿ ಕೊಟ್ಟಳು.

ಕೊಬ್ಬರಿ ಚಟ್ನಿಪುಡಿ ಕಮಟು ವಾಸನೆ ಹೊಡೆಯುತ್ತಿತ್ತು. ಅದಕ್ಕೆ ಮಳೆ ಕಾರಣ ಅಲ್ಲ, ಮಾಡಿ ಎರಡು ತಿಂಗಳಾಗಿತ್ತು. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೇಗ ಕಮಟುತ್ತದೆ. ಶೇಂಗಾ ಪುಡಿಯೂ ಅಂಥದ್ದೇ, ಆದರೆ ನಮ್ಮದು ಹೊಸದಾಗಿ ಬಂದಿತ್ತು, ಪೊಟ್ಟಣ ಒಡೆದಿರಲಿಲ್ಲ. ಶೇಂಗಾ ಪುಡಿ, ಬಿಸಿ ಅನ್ನ, ಕೊಬ್ಬರಿ ಎಣ್ಣೆ. ಉತ್ತರ ಕರ್ನಾಟಕದವರು ಕಡಕ್ ರೊಟ್ಟಿ ಜೊತೆಗೆ ಚಟ್ನಿಪುಡಿ ಕಟ್ಟಿಕೊಂಡು ದಿನಗಟ್ಟಲೆ ಪ್ರಯಾಣ ಹೋಗುತ್ತಿದ್ದದ್ದು ಸುಮ್ಮನೆ ಅಲ್ಲ.

ಉಪ್ಪಿನ ವಿಷಯದಲ್ಲಿ ಬಚಾವಾದೆವು, ಅದೂ ಅದೃಷ್ಟದಿಂದ. ಹತ್ತು ಕೆಜಿ ಹರಳುಪ್ಪಿನ ಚೀಲ ಕೊಟ್ಟಿಗೆಯ ನೆಲದ ಮೇಲಿತ್ತು. ಥಂಡಿ ಎಳೆದು ಅರ್ಧ ಕರಗಿ ಹರಿದಿತ್ತು, ಉಳಿದದ್ದು ಗೋಣಿಯ ವಾಸನೆ. ಒಳಗೆ ಎರಡು ಪ್ಯಾಕೆಟ್ ಪುಡಿಯುಪ್ಪು ಇತ್ತು, ಅದೇ ನಡೆಸಿತು.

ಹಾರ್ಲಿಕ್ಸ್ ಬಾಟಲಿ

ಭಾನುವಾರ ರಾತ್ರಿಗೆ ಹುಣಸೆಯೂ ಇಲ್ಲ, ಉಪ್ಪಿನಕಾಯಿಯೂ ಇಲ್ಲ. ಕೆಳಮನೆ ಅಜ್ಜಿಗೆ ಮಾತ್ರ ಉಪ್ಪಿನಕಾಯಿ ಹೋದದ್ದರಿಂದ ವ್ಯತ್ಯಾಸವೇ ಆಗಿರಲಿಲ್ಲ. ಬಿಪಿ ಇರುವುದರಿಂದ ಡಾಕ್ಟರು ಅವರಿಗೆ ಮೊದಲೇ ಬೇಡ ಅಂದಿದ್ದರು. ದೊಡ್ಡವರಿಗೆ ದಿನಕ್ಕೆ ಐದು ಗ್ರಾಂ ಒಳಗೆ ಉಪ್ಪು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಒಂದು ದೊಡ್ಡ ಚಮಚ ಉಪ್ಪಿನಕಾಯಿಯಲ್ಲೇ ಎರಡು ಗ್ರಾಂ ಹೋಗಿಬಿಡುತ್ತದೆ. ಮೂರು ಹೊತ್ತೂ ಗಂಜಿ-ಉಪ್ಪಿನಕಾಯಿ ಅಂದರೆ ಲೆಕ್ಕ ಅಲ್ಲಿಗೇ ದಾಟಿತು. ಜೊತೆಗೆ ಬಾಯಾರಿಕೆ. ಬಾವಿಯ ನೀರು ರಾಡಿಯಾಗಿ, ಸೋಸಿ ಕುದಿಸಿ ಕುಡಿಯುವ ದಿನಗಳಲ್ಲಿ ಅದೂ ಒಂದು ಖರ್ಚೇ. ನಾನು ಜೂನ್‌ನಲ್ಲಿ ಈ ಎಲ್ಲವನ್ನೂ ‘ಉಪ್ಪಿನಕಾಯಿ ಇದೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದೆ. ಉಪ್ಪು ಬೇಡದವರಿಗೂ ಹುಳಿ ಬೇಕು ಎನ್ನುವುದು ತಲೆಗೆ ಬಂದಿರಲಿಲ್ಲ.

ಸೋಮವಾರ ಬೆಳಿಗ್ಗೆ ಅಜ್ಜಿ ಬಾಟಲಿ ತಂದು ಒಲೆಕಟ್ಟೆಯ ಮೇಲಿಟ್ಟರು. ಮುಚ್ಚಳ ತೆಗೆದಾಗ ಬಂದ ವಾಸನೆ ನನಗೆ ಈಗಲೂ ನೆನಪಿದೆ. ಹುಳಿ, ಸ್ವಲ್ಪ ಹೊಗೆ, ಒಣಗಿದ ಹಣ್ಣಿನ ಸಿಹಿ. ವಾಟೆಹುಳಿ ಪುಡಿ. ವಾಟೆ ಹಲಸಿನ ಜಾತಿಯ ಮರ, ಅದರ ಹುಳಿ ಕಾಯಿಯನ್ನು ಬೇಸಿಗೆಯಲ್ಲಿ ತೆಳ್ಳಗೆ ಹೆಚ್ಚಿ, ಬಿಸಿಲಿಗೆ ಗರಿಗರಿ ಒಣಗಿಸಿ, ಒರಳಲ್ಲಿ ಕುಟ್ಟಿದ್ದು. ಉಪ್ಪಿಲ್ಲ, ಎಣ್ಣೆಯಿಲ್ಲ, ನೀರಿಲ್ಲ. ಹೀಗಾಗಿ ಕೆಡುವುದಕ್ಕೆ ಅದರಲ್ಲಿ ಏನೂ ಇಲ್ಲ. ‘ಒಂದು ಚಮಚ ಸಾಕು, ಜಾಸ್ತಿ ಹಾಕಬೇಡ, ಹಲ್ಲು ಚಳಿ ಹಿಡಿಯತ್ತೆ’ ಅಂದರು ಅಮ್ಮನಿಗೆ. ಎರಡು ಚಮಚ ಹಾಕಿದಳು ಅಮ್ಮ, ಹನ್ನೊಂದು ಜನ ಅಲ್ಲವಾ. ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಸೂಜಿಮೆಣಸು, ಇಂಗಿನ ಒಗ್ಗರಣೆ.

ಮಧ್ಯಾಹ್ನ ಸಾರಿನ ಪಾತ್ರೆ ಬರಿದಾಯಿತು. ಚಿಕ್ಕವ ಬಟ್ಟಲು ನೆಕ್ಕಿದ. ಆ ಬಾಟಲಿಯಲ್ಲಿ ಇದ್ದದ್ದು ಹೆಚ್ಚೆಂದರೆ ಇನ್ನೂರೈವತ್ತು ಗ್ರಾಂ. ಎರಡು ದಿನಕ್ಕೆ ಅದರ ಕಾಲುಭಾಗವೂ ಮುಗಿದಿರಲಿಲ್ಲ. ಆರು ಕೆಜಿ ಭರಣಿ ಮಾಡದ ಕೆಲಸವನ್ನು ಅದು ಮಾಡಿತು. ನಾನು ಆ ಬಾಟಲಿಯನ್ನು ನೋಡಿ ನಕ್ಕಿದ್ದೆ ಎನ್ನುವುದನ್ನು ಹೆಂಡತಿ ಇವತ್ತಿಗೂ ಆಗಾಗ ನೆನಪಿಸುತ್ತಾಳೆ.

ಮಂಗಳವಾರ, 13ನೇ ತಾರೀಕು, ಮಧ್ಯಾಹ್ನದ ಹೊತ್ತಿಗೆ ಸೇತುವೆ ಎದ್ದಿತು.

ಆಮೇಲೆ ಬದಲಾದದ್ದು

ಈಗ ನಾವು ಹುಳಿಯಿಂದ ಲೆಕ್ಕ ಶುರು ಮಾಡುತ್ತೇವೆ, ಅಕ್ಕಿಯಿಂದ ಅಲ್ಲ. ಒಬ್ಬರಿಗೆ ದಿನಕ್ಕೆ ಹದಿಮೂರು-ಹದಿನಾಲ್ಕು ಗ್ರಾಂ ಹುಣಸೆ. ಮಜ್ಜಿಗೆ, ಟೊಮೆಟೊ, ನಿಂಬೆ ಯಾವುದೂ ಇಲ್ಲ ಅಂದುಕೊಂಡು ಹಾಕಿದ ಲೆಕ್ಕ ಇದು. ಹದಿನೈದು ದಿನಕ್ಕೆ ಒಬ್ಬರಿಗೆ ಇನ್ನೂರು ಗ್ರಾಂ. ಹತ್ತು ಜನ ಬರಬಹುದು ಅಂತ ಇಟ್ಟುಕೊಂಡರೆ ಎರಡು ಕೆಜಿ. ಹುಣಸೆ ಒಂದನ್ನೇ ನಂಬುವುದಿಲ್ಲ. ವಾಟೆಹುಳಿ ಪುಡಿ, ಮುರುಗಲಿನ (ಕೋಕಂ) ಒಣಸಿಪ್ಪೆ, ಮತ್ತೆ ಮಡಿಕೇರಿ ಕಡೆಯಿಂದ ತಂದ ಒಂದು ಬಾಟಲಿ ಕಾಚಂಪುಳಿ ಇದೆ. ಕಾಚಂಪುಳಿ ಅಂದರೆ ಕೊಡಗಿನವರು ಹುಳಿಹಣ್ಣಿನ ರಸವನ್ನು ಕುದಿಸಿ ಕುದಿಸಿ ಟಾರಿನಂತೆ ಕಪ್ಪು ಮಾಡಿದ್ದು. ವರ್ಷಗಟ್ಟಲೆ ಇರುತ್ತದೆ. ಅವರು ಅದನ್ನು ಹಂದಿಮಾಂಸಕ್ಕೆ ಹಾಕುತ್ತಾರೆ, ನಾವು ಸೊಪ್ಪಿನ ಸಾರಿಗೆ ನಾಲ್ಕು ಹನಿ ಬಿಡುತ್ತೇವೆ. ಹುಣಸೆ ಹಳತಾಗಿ ಕಪ್ಪಗಾದರೆ ಹೆದರಬೇಕಿಲ್ಲ, ಬಣ್ಣ ಮಾತ್ರ ತಿರುಗುತ್ತದೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾತ್ರ ಹುಳಿಯನ್ನು ಇಡಬಾರದು.

ದೊಡ್ಡ ಭರಣಿಯ ಉಪ್ಪಿನಕಾಯಿಯನ್ನು ಜೂನ್ ಒಂದರೊಳಗೆ ಮುನ್ನೂರು ಗ್ರಾಂ ಹಿಡಿಯುವ ಗಾಜಿನ ಬಾಟಲಿಗಳಿಗೆ ತುಂಬುತ್ತೇವೆ. ಬಾಟಲಿ ಕುದಿಸಿ, ಬಿಸಿಲಿಗೆ ಒಣಗಿಸಿ, ಕತ್ತಿನವರೆಗೆ ತುಂಬಿ, ಮೇಲೆ ಕಾಯಿಸಿ ಆರಿಸಿದ ಎಳ್ಳೆಣ್ಣೆ. ಒಂದು ಮುಗಿಯುವವರೆಗೆ ಇನ್ನೊಂದರ ಮುಚ್ಚಳ ಬಿಚ್ಚುವ ಹಾಗಿಲ್ಲ. ಯಾರಾದರೂ ಒದ್ದೆ ಸೌಟು ಅದ್ದಿದರೆ ಹೋಗುವುದು ಮುನ್ನೂರು ಗ್ರಾಂ, ನಾಲ್ಕು ಕೆಜಿ ಅಲ್ಲ. ಪ್ರತಿ ಬಾಟಲಿಯ ಕುತ್ತಿಗೆಗೆ ಒಂದು ಮರದ ಚಮಚ ಕಟ್ಟಿದೆ. ಮೊದಲ ವರ್ಷ ತಗಡಿನ 
ಮುಚ್ಚಳ ಹಾಕಿ ಪೆಟ್ಟು ತಿಂದೆವು. ಉಪ್ಪು, ಹುಳಿ ಎರಡೂ ಸೇರಿ ತುಕ್ಕು ಹಿಡಿಸಿ, ತೆಗೆಯಲು ಸುತ್ತಿಗೆ ಬೇಕಾಯಿತು, ತುಕ್ಕಿನ ಚೂರು ಒಳಗೆ ಬಿತ್ತು. ಈಗ ಪ್ಲಾಸ್ಟಿಕ್ ಮುಚ್ಚಳ, ಇಲ್ಲವೇ ಮಧ್ಯೆ ಬೆಣ್ಣೆಕಾಗದ.

ಚಟ್ನಿಪುಡಿಗೆ ಕೊಬ್ಬರಿ ಹಾಕುವುದಿಲ್ಲ. ಕಡಲೆಬೇಳೆ, ಉದ್ದಿನಬೇಳೆ, ಒಣಮೆಣಸು, ಹುಣಸೆ, ಉಪ್ಪು ಅಷ್ಟೇ. ಕೊಬ್ಬರಿ ಬೇಕಾದವರು ತಟ್ಟೆಯಲ್ಲಿ ಕಲಸಿಕೊಳ್ಳಬಹುದು. ಧನಿಯಾ, ಜೀರಿಗೆ, ಮೆಂತ್ಯ ಇಡಿಯಾಗಿಯೇ ಇರುತ್ತವೆ, ಪುಡಿ ಮಾಡಿದ್ದು ತಿಂಗಳಿಗಾಗುವಷ್ಟು ಮಾತ್ರ. ಹಳೇ ಸಾರಿನಪುಡಿ ಹೊಟ್ಟೆಗೆ ಕೆಟ್ಟದ್ದಲ್ಲ, ಆದರೆ ಘಮ ಹೋದ ಪುಡಿಯಿಂದ ಬಾಯಿ ಏಳುವುದಿಲ್ಲ, ಈ ಸಂಗ್ರಹದ ಉದ್ದೇಶವೇ ಅದಲ್ವಾ. ಉಪ್ಪು ಒಲೆಯ ಪಕ್ಕದ ಗೂಡಿನಲ್ಲಿದೆ, ನೆಲದಿಂದ ಮೂರಡಿ ಮೇಲೆ. ಒಂದು ಬಾಟಲಿ ಜೇನುತುಪ್ಪ ಇದೆ. ಅದು ಕೆಡುವುದಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಕೊಡಬಾರದು.

ಇನ್ನೊಂದು ಮಾತು ಅಪ್ಪಯ್ಯನದು. ಎಲ್ಲವನ್ನೂ ಒಂದೇ ಅಟ್ಟದಲ್ಲಿಟ್ಟು, ಆ ಅಡುಗೆಮನೆಯ ಮೇಲೇ ಧರೆ ಬಿದ್ದರೆ? ಹಾಗಾಗಿ ಒಂದು ಪೆಟ್ಟಿಗೆ ಮೇಲಿನ ಕಣದ ಕೋಣೆಯಲ್ಲಿದೆ. ಹುಣಸೆ ಅರ್ಧ ಕೆಜಿ, ಉಪ್ಪು ಒಂದು ಕೆಜಿ, ಪುಡಿ ಎರಡು ಬಾಟಲಿ, ಉಪ್ಪಿನಕಾಯಿ ಎರಡು. ಪ್ರತಿ ದೀಪಾವಳಿಗೆ ಅದನ್ನು ಇಳಿಸಿ ತಿಂದು ಮುಗಿಸುತ್ತೇವೆ, ಬೇಸಿಗೆಯಲ್ಲಿ ಹೊಸದು ತುಂಬುತ್ತೇವೆ.

ಅಮ್ಮನಿಗೆ ಇದರಲ್ಲಿ ಪೂರ್ತಿ ಒಪ್ಪಿಗೆ ಇಲ್ಲ. ಸಣ್ಣ ಬಾಟಲಿಯಲ್ಲಿ ಮಿಡಿ ಹದ ಆಗುವುದಿಲ್ಲ, ಭರಣಿಯಲ್ಲೇ ಆಗಬೇಕು ಎನ್ನುವುದು ಅವಳ ವಾದ. ಅವಳು ಹೇಳುವುದು ಸರಿ ಅನ್ನಿಸುತ್ತದೆ, ರುಚಿಯಲ್ಲಿ ವ್ಯತ್ಯಾಸ ಇದೆ. ಅದಕ್ಕೇ ಜೂನ್‌ವರೆಗೆ ಭರಣಿ, ಆಮೇಲೆ ಬಾಟಲಿ ಅಂತ ರಾಜಿಯಾಗಿದೆ. ಹುಣಸೆ ಬೀಜ ಬಿಡಿಸುವ ಕೆಲಸ ಈಗ ನನ್ನದು.

ಕೆಳಮನೆಯವರು ಆ ವರ್ಷವೇ ಬಾಳೆಹೊನ್ನೂರಿನ ಕಡೆ ಮನೆ ಮಾಡಿದರು. ಅವರ ವಾಟೆಮರ ಧರೆಯ ಜೊತೆ ಜಾರಿ ಹೋಯಿತು. ಹೋಗುವ ದಿನ ಬಾಟಲಿ ವಾಪಸ್ ಕೊಡಲು ಹೋದರೆ ಅಜ್ಜಿ ತೆಗೆದುಕೊಳ್ಳಲಿಲ್ಲ. ‘ಇಲ್ಲೇ ಇರ್ಲಿ, ಅಲ್ಲಿ ಅಂಗಡಿ ಎದುರಿಗೇ ಇದೆ’ ಅಂದರು. ಮುಂದಿನ ಮಳೆಗಾಲಕ್ಕೆ ನಾನು ಒಂದು ವಾಟೆ ಸಸಿ ತಂದು ಮನೆಯ ಬಲಕ್ಕೆ, ಧರೆಯಿಂದ ದೂರ ನೆಟ್ಟೆ. ಈಗ ನನ್ನ ತಲೆಗಿಂತ ಎತ್ತರ ಇದೆ, ಕಾಯಿ ಇನ್ನೂ ಬಿಟ್ಟಿಲ್ಲ. ಸದ್ಯಕ್ಕೆ ಪುಡಿ ಶಿರಸಿಯ ನೆಂಟರಿಂದ ಬರುತ್ತದೆ, ಹಾರ್ಲಿಕ್ಸ್ ಬಾಟಲಿಗೆ ತುಂಬಿಡುತ್ತೇವೆ.